ಬ್ರಾಕೆಟಿನೊಳಗಿನ ಡೊಂಬಿವಲಿ

ಮಧ್ಯ ರೈಲ್ವೆಯ ಹಳಿಯ ಆಚೀಚೆ ಬದುಕುವ ನಮ್ಮೆಲ್ಲರ ವಿಳಾಸಕ್ಕೆ ಒಂದು ಪುಟ್ಟ ಬಾಲವಿದೆ. ಡೊಂಬಿವಲಿ (ಪೂ), ಕಲ್ಯಾಣ್ (ಪ), ಥಾಣೆ (ಪ). 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿತು. ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. ಆಮೇಲೆ ಊರುಗಳು ಹಳಿಯ ಎರಡೂ ಬದಿಗೆ ಬೆಳೆದವು. ಇಂದು ಡೊಂಬಿವಲಿ ಪೂರ್ವದ ಪಿನ್‌ಕೋಡ್ 421201, ಪಶ್ಚಿಮದ್ದು 421202. ಬ್ರಾಕೆಟಿನೊಳಗಿನ ಆ ಒಂದಕ್ಷರ ತಪ್ಪಿದರೆ ಕೊರಿಯರಿನ ಹುಡುಗ ಸೇತುವೆ ಹತ್ತಿ ಇಳಿಯಬೇಕು. ಹಾಗಾಗಿ ಊರು ಬಿಟ್ಟು ಇಲ್ಲಿಗೆ ಬಂದ ಮೊದಲ ವಾರದಲ್ಲೇ ನಾವು ಅದನ್ನು ಬರೆಯಲು ಕಲಿಯುತ್ತೇವೆ.

ಮನುಷ್ಯರಿಗೆ ಇಷ್ಟು ಸಲೀಸಾದ ಈ ಬ್ರಾಕೆಟ್ ಕಂಪ್ಯೂಟರಿನ ಕಮಾಂಡ್ ಸಾಲಿನಲ್ಲಿ ಮಾತ್ರ ಸಲೀಸಲ್ಲ. 'ಡೊಂಬಿವಲಿ (ಪೂ)' ಎಂಬ ಹೆಸರಿನ ಫೈಲನ್ನು ಲಿನಕ್ಸ್ ಯಂತ್ರದಲ್ಲಿ ಹಾಗೆಯೇ ಟೈಪ್ ಮಾಡಿ ನಕಲಿಸಲು ಹೋದರೆ ಅದು ವ್ಯಾಕರಣ ದೋಷವೆಂದು ಗೊಣಗಿ ನಿಲ್ಲುತ್ತದೆ. ಅದರ ಕಣ್ಣಿಗೆ ಬ್ರಾಕೆಟ್ ಎಂದರೆ 'ಇಲ್ಲಿಂದ ಇನ್ನೊಂದು ಕೆಲಸದ ಗುಂಪು ಶುರು' ಎಂದರ್ಥ. ನಮ್ಮ ಹೆಸರುಗಳಲ್ಲಿ ಇಂಥ ಅಪಾಯದ ಚಿಹ್ನೆಗಳು ಇನ್ನೂ ಇವೆ. ಮಂಗಳೂರು ಕಡೆಯಿಂದ ಬಂದ ಡಿ'ಸೋಜಾ, ಡಿ'ಸಿಲ್ವಾ ಮನೆತನಗಳ ನಡುವೆ ಒಂದು ಒಂಟಿ ಕೋಟ್ ಇದೆ. ಹೋಟೆಲು, ಕ್ಯಾಟರಿಂಗ್ ನಡೆಸುವವರ ಬೋರ್ಡಿನಲ್ಲಿ 'ಶೆಟ್ಟಿ & ಸನ್ಸ್' ಇದೆ. ಮೆನು ಕಾರ್ಡಿನಲ್ಲಿ '100% ಸಸ್ಯಾಹಾರಿ' ಇದೆ. ನವಿಮುಂಬಯಿಯ ಹಳೆಯ ಸಿಡ್ಕೊ ಮನೆಗಳ ನಂಬರಿನಲ್ಲಿ ಓರೆಗೆರೆಗಳಿವೆ. ಮಹಾಪೆ, ಐರೋಲಿ, ವಾಶಿಯ ಆಫೀಸುಗಳಲ್ಲಿ ಕುಳಿತು ನಮ್ಮವರು ಬರೆಯುವ ಪ್ರೋಗ್ರಾಮುಗಳು ದಿನವೂ ಇಂಥ ಹೆಸರುಗಳನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ದಾಟಿಸುತ್ತವೆ. ಈ ಸಲದ ಅಂಕಣ ಆ ದಾಟಿಸುವಿಕೆಯ ಬಗ್ಗೆ. ಪ್ರೋಗ್ರಾಮ್ ಬರೆಯದವರೂ ಓದಬಹುದು. ಕೊನೆಗೆ ತೊಂದರೆ ತಟ್ಟುವುದು ಹೆಸರಿನ ಮಾಲೀಕರಿಗೇ.

ಮೊದಲು ಒಂದು ಉದಾಹರಣೆ. ಕೆಲವು ವರ್ಷಗಳ ಹಿಂದೆ ಒಂದು ಸಣ್ಣ ಸರಬರಾಜು ಸಂಸ್ಥೆಯ ಲೆಕ್ಕದ ತಂತ್ರಾಂಶ ನೋಡಲು ನನ್ನನ್ನು ಕರೆದಿದ್ದರು. ಪ್ರತಿ ತಿಂಗಳ ಕೊನೆಯ ರಾತ್ರಿ ಗ್ರಾಹಕರ ಬಿಲ್ಲುಗಳನ್ನು ಅದು ತಾನಾಗಿ ಪಿಡಿಎಫ್ ಮಾಡಿ ಕಳಿಸುತ್ತಿತ್ತು. ಕೆಲವು ಗ್ರಾಹಕರಿಗೆ ಮಾತ್ರ ಬಿಲ್ಲು ಹೋಗುತ್ತಿರಲಿಲ್ಲ, ಹೋಗದ ಬಿಲ್ಲಿಗೆ ಹಣವೂ ಬರುತ್ತಿರಲಿಲ್ಲ. ಪಟ್ಟಿ ಹಿಡಿದು ನೋಡಿದರೆ ಬಿಟ್ಟುಹೋದವರೆಲ್ಲರ ಹೆಸರಿನಲ್ಲಿ '&' ಇತ್ತು. ತಂತ್ರಾಂಶ ಮಾರಿದವರು ಕೊಟ್ಟಿದ್ದ ಪರಿಹಾರ ಒಂದೇ ಸಾಲಿನದು: "ಹೆಸರಿನಿಂದ ಆ ಚಿಹ್ನೆ ತೆಗೆಸಿ." ಗ್ರಾಹಕರಲ್ಲಿ ಕುಂದಾಪುರ ಕಡೆಯ ಹಿರಿಯರೊಬ್ಬರಿದ್ದರು. ಅವರು ಕೇಳಿದ್ದು ಇಷ್ಟೇ: "ಅಲ್ಲ ಮಾರಾಯ್ರೇ, ಜಿಎಸ್‌ಟಿಯಲ್ಲಿ, ಬ್ಯಾಂಕಿನಲ್ಲಿ, ಬೋರ್ಡಿನಲ್ಲಿ ಇರುವ ಹೆಸರನ್ನು ನಿಮ್ಮ ಮಿಶಿನಿಗಾಗಿ ಬದಲಿಸಬೇಕಾ?" ಅವರ ಪ್ರಶ್ನೆ ಸರಿಯಾಗಿತ್ತು. ಬದಲಿಸಬೇಕಾದದ್ದು ಪ್ರೋಗ್ರಾಮಿನ ಒಂದು ಸಾಲು ಮಾತ್ರ.

ಆ ಸಾಲು ಮಾಡುತ್ತಿದ್ದದ್ದೇನು? ಪ್ರೋಗ್ರಾಮು ಒಂದು ವಾಕ್ಯ ಕಟ್ಟುತ್ತಿತ್ತು. ಕನ್ನಡದಲ್ಲೇ ಬರೆಯುವುದಾದರೆ, 'ಬಿಲ್‌ಮಾಡು ಶೆಟ್ಟಿ & ಸನ್ಸ್'. ಕಟ್ಟಿದ ವಾಕ್ಯವನ್ನು ಅದು ಶೆಲ್‌ಗೆ ಒಪ್ಪಿಸುತ್ತಿತ್ತು. ಶೆಲ್ ಎಂದರೆ ನಾವು ಟೈಪ್ ಮಾಡಿದ ಸಾಲನ್ನು ಓದಿ, ತುಂಡರಿಸಿ, ಕೆಲಸಕ್ಕೆ ಹಚ್ಚುವ ಮೇಸ್ತ್ರಿ. ಅದರ ಭಾಷೆಯಲ್ಲಿ '&' ಒಂದು ಕೆಲಸವನ್ನೂ ಮುಂದಿನ ಕೆಲಸವನ್ನೂ ಬೇರ್ಪಡಿಸುವ ಗುರುತು. ಹಾಗಾಗಿ ಅದು 'ಬಿಲ್‌ಮಾಡು ಶೆಟ್ಟಿ' ಎಂಬಷ್ಟನ್ನೇ ಮಾಡಲು ಹೋಯಿತು. ಅಂಥ ಗ್ರಾಹಕರಿಲ್ಲ. ಆಮೇಲೆ 'ಸನ್ಸ್' ಎಂಬ ಹೆಸರಿನ ಪ್ರೋಗ್ರಾಮನ್ನು ಹುಡುಕಿತು. ಅದೂ ಇಲ್ಲ. ಎರಡೂ ದೋಷಗಳು ಯಾರೂ ತೆರೆಯದ ಒಂದು ಲಾಗ್ ಫೈಲಿನಲ್ಲಿ ಬಿದ್ದಿದ್ದವು.

ಈಗ ಯೋಚಿಸಿ: 'ಸನ್ಸ್' ಇದ್ದ ಜಾಗದಲ್ಲಿ ಯಾರಾದರೂ ಬೇಕೆಂದೇ 'ಎಲ್ಲ ಫೈಲು ಅಳಿಸು' ಎಂಬರ್ಥದ ಕಮಾಂಡನ್ನು ಹೆಸರಿನ ಭಾಗವಾಗಿ ತುಂಬಿ ನೋಂದಾಯಿಸಿದರೆ? ಶೆಲ್ ಅದನ್ನೂ ವಿಧೇಯವಾಗಿ ನಡೆಸುತ್ತದೆ. ಬಿಲ್ಲು ತಪ್ಪುವ ದೋಷ ಮತ್ತು ಕಳ್ಳ ಒಳನುಗ್ಗುವ ಬಾಗಿಲು ಎರಡರ ಮೂಲವೂ ಒಂದೇ.

ದುರುದ್ದೇಶ ಇಲ್ಲದೆಯೂ ಅನಾಹುತ ಆಗಬಹುದು. 2001ರ ನವೆಂಬರಿನಲ್ಲಿ ಆ್ಯಪಲ್ ಕಂಪೆನಿ ಐಟ್ಯೂನ್ಸ್ 2.0 ಬಿಡುಗಡೆ ಮಾಡಿತು. ಅದರ ಇನ್‌ಸ್ಟಾಲರ್ ಹಳೆಯ ಆವೃತ್ತಿಯನ್ನು ಅಳಿಸುವಾಗ ಡಿಸ್ಕಿನ ಹೆಸರಿಗೆ ಕೋಟ್ ಹಾಕಿರಲಿಲ್ಲ. ಡಿಸ್ಕಿನ ಹೆಸರಿನಲ್ಲಿ ಖಾಲಿ ಜಾಗ ಇದ್ದರೆ ಒಂದು ಹೆಸರು ಎರಡು ಹೆಸರಾಗಿ ಒಡೆಯುತ್ತಿತ್ತು, ಅಳಿಸುವ ಆಜ್ಞೆ ಬೇರೆ ಜಾಗಕ್ಕೆ ಅನ್ವಯಿಸುತ್ತಿತ್ತು. ಕೆಲವರ ಡಿಸ್ಕುಗಳೇ ಅಳಿಸಿಹೋದವು. ಕಂಪೆನಿ ಆ ಇನ್‌ಸ್ಟಾಲರನ್ನು ಹಿಂತೆಗೆದುಕೊಂಡು ಕೆಲವೇ ದಿನಗಳಲ್ಲಿ 2.0.1 ಕೊಟ್ಟಿತು. ಒಂದು ಜೊತೆ ಕೋಟ್ ಬಿಟ್ಟುಹೋದದ್ದರ ಬೆಲೆ ಅದು.

"ಹಾಗಾದರೆ ಎಲ್ಲದಕ್ಕೂ ಕೋಟ್ ಹಾಕಿಬಿಡೋಣ" ಎನ್ನುವುದು ಸಹಜ. ಲಿನಕ್ಸ್, ಮ್ಯಾಕ್‌ಗಳ ಶೆಲ್‌ನಲ್ಲಿ ಇದಕ್ಕೊಂದು ಗಟ್ಟಿ ನಿಯಮವೂ ಇದೆ. ಒಂಟಿ ಕೋಟುಗಳ ನಡುವೆ ಇಟ್ಟದ್ದೆಲ್ಲ ಇದ್ದ ಹಾಗೇ ಉಳಿಯುತ್ತದೆ. ಬ್ರಾಕೆಟ್, ಆಂಪರ್‌ಸ್ಯಾಂಡ್, ಡಾಲರ್ ಚಿಹ್ನೆ, ಖಾಲಿ ಜಾಗ ಯಾವುದಕ್ಕೂ ಜೀವ ಇರುವುದಿಲ್ಲ. ಜೋಡಿ ಕೋಟುಗಳ ನಡುವೆ ಮಾತ್ರ ಡಾಲರ್ ಚಿಹ್ನೆ, ಬ್ಯಾಕ್‌ಸ್ಲ್ಯಾಶ್, ಹಿಮ್ಮುಖ ಕೋಟ್ ಇವುಗಳಿಗೆ ಜೀವ ಉಳಿದಿರುತ್ತದೆ. ಒಂಟಿ ಕೋಟಿನ ಒಳಗೆ ಇರಲಾಗದ್ದು ಒಂದೇ, ಒಂಟಿ ಕೋಟ್. ಹಾಗಾಗಿ ಡಿ'ಸೋಜಾ ಅವರ ಹೆಸರನ್ನು ಹೀಗೆ ಬರೆಯಬೇಕಾಗುತ್ತದೆ: 'ಡಿ'\''ಸೋಜಾ'. ಕೋಟ್ ಮುಚ್ಚಿ, ಬ್ಯಾಕ್‌ಸ್ಲ್ಯಾಶಿನ ಬೆನ್ನಿಗೆ ಒಂದು ಕೋಟ್ ಕೊಟ್ಟು, ಮತ್ತೆ ತೆರೆಯುವುದು. ನೋಡಲು ಚೆನ್ನಾಗಿಲ್ಲ, ಆದರೆ ನಿಯಮ ಪೂರ್ಣವಾಗಿದೆ. ಪೈಥಾನ್ ಭಾಷೆಯಲ್ಲಿ ಷ್‌ಲೆಕ್ಸ್ ಎಂಬ ಭಾಗದ 'ಕೋಟ್' ಫಂಕ್ಷನ್ ಇದನ್ನು ತಾನೇ ಮಾಡಿಕೊಡುತ್ತದೆ.

ತೊಡಕು ಶುರುವಾಗುವುದು ಅದೇ ಪ್ರೋಗ್ರಾಮು ವಿಂಡೋಸಿನಲ್ಲೂ ಓಡಬೇಕು ಎಂದಾಗ. ನಮ್ಮ ಕಡೆಯ ಆಫೀಸುಗಳಲ್ಲಿ ಸರ್ವರ್ ಲಿನಕ್ಸಿನದು, ಲೆಕ್ಕ ಬರೆಯುವವರ ಮೇಜಿನ ಮೇಲಿನದು ವಿಂಡೋಸ್, ಡಿಸೈನ್ ಮಾಡುವವರದು ಮ್ಯಾಕ್. ವಿಂಡೋಸಿನ ಕಮಾಂಡ್ ಸಾಲಿನಲ್ಲಿ ಒಂಟಿ ಕೋಟಿಗೆ ಯಾವ ವಿಶೇಷ ಅರ್ಥವೂ ಇಲ್ಲ. ಅಲ್ಲಿ 'ಶೆಟ್ಟಿ & ಸನ್ಸ್' ಎಂದು ಒಂಟಿ ಕೋಟಿನಲ್ಲಿ ಬರೆದರೆ ರಕ್ಷಣೆ ಸಿಗುವುದಿಲ್ಲ, ಕೋಟುಗಳು ಹೆಸರಿನ ಭಾಗವಾಗಿ ಅಂಟಿಕೊಳ್ಳುತ್ತವೆ ಅಷ್ಟೆ. ಷ್‌ಲೆಕ್ಸ್ ಯುನಿಕ್ಸ್ ಶೆಲ್‌ಗಳಿಗೆ ಮಾತ್ರ ಎಂದು ಪೈಥಾನಿನ ಕೈಪಿಡಿಯೇ ಎಚ್ಚರಿಸುತ್ತದೆ. ಅದನ್ನು ಓದದೆ ವಿಂಡೋಸಿನಲ್ಲೂ ಬಳಸುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಈ ಭೇದದ ಬೇರು ಆಳದಲ್ಲಿದೆ. ಊರಿನಿಂದ ಸಾಮಾನು ತರಿಸುವುದನ್ನು ನೆನೆಯಿರಿ. ಒಂದು ಬಗೆಯಲ್ಲಿ ಹಪ್ಪಳದ ಕಟ್ಟು ಬೇರೆ, ಉಪ್ಪಿನಕಾಯಿಯ ಭರಣಿ ಬೇರೆ, ಕುಚ್ಚಲಕ್ಕಿಯ ಚೀಲ ಬೇರೆಯಾಗಿ ಬಸ್ಸಿನಲ್ಲಿ ಬರುತ್ತವೆ. ಇಳಿಸಿಕೊಳ್ಳುವವರು ಎಣಿಸಿದರೆ ಸಾಕು. ಯುನಿಕ್ಸ್ ವಂಶದ ವ್ಯವಸ್ಥೆಗಳು ಹೀಗೆ. ಒಂದು ಪ್ರೋಗ್ರಾಮು ಇನ್ನೊಂದನ್ನು ಎಬ್ಬಿಸುವಾಗ ಆರ್ಗ್ಯುಮೆಂಟುಗಳನ್ನು ಬಿಡಿಬಿಡಿಯಾದ ಪಟ್ಟಿಯಾಗಿಯೇ ಕರ್ನೆಲ್‌ಗೆ ಕೊಡುತ್ತದೆ, ಅವು ಹಾಗೆಯೇ ತಲುಪುತ್ತವೆ. ಇನ್ನೊಂದು ಬಗೆಯಲ್ಲಿ ಸಾಮಾನಿನ ಹೆಸರನ್ನೆಲ್ಲ ಅಲ್ಪವಿರಾಮವಿಲ್ಲದೆ ಒಂದೇ ಚೀಟಿಯಲ್ಲಿ ಬರೆದು ಕಳಿಸುತ್ತಾರೆ: 'ಮಾವಿನ ಮಿಡಿ ಉಪ್ಪಿನಕಾಯಿ ಹಲಸಿನ ಹಪ್ಪಳ'. ಇದು ಎರಡು ವಸ್ತುವೋ, ಐದೋ? ಓದುವವರು ತುಂಡರಿಸಿದಂತೆ. ವಿಂಡೋಸ್ ಹೀಗೆ. ಅಲ್ಲಿ ಹೊಸ ಪ್ರೋಗ್ರಾಮಿಗೆ ತಲುಪುವುದು ಒಂದೇ ಉದ್ದನೆಯ ಸಾಲು. ಅದನ್ನು ತುಂಡು ಮಾಡುವುದು ಆಯಾ ಪ್ರೋಗ್ರಾಮಿನ ಹೊಣೆ.

ಹೆಚ್ಚಿನವು ಮೈಕ್ರೋಸಾಫ್ಟಿನ ಸಿ ಭಾಷೆಯ ನಿಯಮದಂತೆ ತುಂಡರಿಸುತ್ತವೆ. ಖಾಲಿ ಜಾಗ ಬೇರ್ಪಡಿಸುತ್ತದೆ, ಜೋಡಿ ಕೋಟ್ ಒಗ್ಗೂಡಿಸುತ್ತದೆ. ಬ್ಯಾಕ್‌ಸ್ಲ್ಯಾಶಿಗೆ ಸಾಮಾನ್ಯವಾಗಿ ವಿಶೇಷ ಅರ್ಥವಿಲ್ಲ, ಆದರೆ ಜೋಡಿ ಕೋಟಿನ ಮುಂಚೆ ಬಂದರೆ ಮಾತ್ರ ಇದೆ. ಇದರಿಂದಾಗುವ ಬಲೆ ನೋಡಿ: "ಸಿ:\ಲೆಕ್ಕ ಪತ್ರ\" ಎಂದು ನೀವು ಸರಿಯಾಗಿಯೇ ಕೋಟ್ ಹಾಕಿದಿರಿ. ಕೊನೆಯ ಬ್ಯಾಕ್‌ಸ್ಲ್ಯಾಶ್ ಮುಚ್ಚುವ ಕೋಟನ್ನು ನುಂಗಿ ಅದನ್ನು ಬರೀ ಅಕ್ಷರವಾಗಿಸುತ್ತದೆ. ಕೋಟ್ ಮುಚ್ಚಲೇ ಇಲ್ಲ. ಮುಂದಿನ ಆರ್ಗ್ಯುಮೆಂಟುಗಳೆಲ್ಲ ಇದಕ್ಕೇ ಅಂಟುತ್ತವೆ. ಕೊನೆಯ ಬ್ಯಾಕ್‌ಸ್ಲ್ಯಾಶನ್ನು ಇಮ್ಮಡಿ ಮಾಡಿದರೆ ಸರಿಹೋಗುತ್ತದೆ.

ಇದರ ಮೇಲೆ ವಿಂಡೋಸಿನ ಹಳೆಯ ಶೆಲ್ ಇದೆ, ಸಿಎಂಡಿ. ಅದಕ್ಕೆ ಬೇರೆಯದೇ ನಿಯಮ. ಬ್ಯಾಕ್‌ಸ್ಲ್ಯಾಶಿನ ಬೆನ್ನಿಗೆ ಬಂದ ಕೋಟನ್ನೂ ಅದು ಮಾಮೂಲಿ ಕೋಟೆಂದೇ ಎಣಿಸುತ್ತದೆ. ಶೇಕಡಾ ಚಿಹ್ನೆಗಳ ನಡುವಿನ ಪದವನ್ನು ಜೋಡಿ ಕೋಟಿನ ಒಳಗಿದ್ದರೂ ಬದಲಿಸಿಬಿಡುತ್ತದೆ. ಬ್ಯಾಚ್ ಫೈಲಿನಲ್ಲಿ '100% ಸಸ್ಯಾಹಾರಿ' ಎಂದು ಬರೆದರೆ ಆ ಒಂಟಿ ಶೇಕಡಾ ಚಿಹ್ನೆ ಮಾಯವಾಗುತ್ತದೆ, ಅದು ಉಳಿಯಬೇಕಾದರೆ ಎರಡು ಸಲ ಬರೆಯಬೇಕು. ಹೀಗೆ ಡಿ'ಸೋಜಾ ಲಿನಕ್ಸಿನಲ್ಲಿ ಎಡವುತ್ತಾರೆ, ವಿಂಡೋಸಿನಲ್ಲಿ ದಾಟುತ್ತಾರೆ. ಸಸ್ಯಾಹಾರಿ ಹೋಟೆಲು ಲಿನಕ್ಸಿನಲ್ಲಿ ದಾಟಿ ವಿಂಡೋಸಿನಲ್ಲಿ ಎಡವುತ್ತದೆ. ಶೆಟ್ಟಿ & ಸನ್ಸ್ ಎರಡೂ ಕಡೆ ಎಡವುತ್ತಾರೆ.

ನಮ್ಮ ಲೋಕಲ್ ಗಾಡಿಯ ಇಂಡಿಕೇಟರಿನಲ್ಲೂ ಹೀಗೊಂದು ಇದೆ. ಅಲ್ಲಿ 'ಎಸ್' ಅಕ್ಷರ ಊರಿನ ಜಾಗದಲ್ಲಿದ್ದರೆ ಕರ್ಜತ್, ವೇಗದ ಜಾಗದಲ್ಲಿದ್ದರೆ ಸ್ಲೋ. ದಿನವೂ ಓಡಾಡುವವರಿಗೆ ಗೊಂದಲವಿಲ್ಲ, ಯಾಕೆಂದರೆ ಎಲ್ಲರೂ ಒಂದೇ ಪದ್ಧತಿಯಲ್ಲಿ ಓದುತ್ತಾರೆ. ವಿಂಡೋಸಿನ ಕಷ್ಟ ಇರುವುದು ಒಂದೇ ಸಾಲನ್ನು ಮೊದಲು ಸಿಎಂಡಿ ಒಂದು ಪದ್ಧತಿಯಲ್ಲಿ, ಆಮೇಲೆ ಪ್ರೋಗ್ರಾಮು ಇನ್ನೊಂದು ಪದ್ಧತಿಯಲ್ಲಿ ಓದುವುದರಲ್ಲಿ.

ದೊಡ್ಡದೊಡ್ಡವರೂ ಇದರಲ್ಲಿ ಸಿಕ್ಕಿಬಿದ್ದದ್ದು 2024ರ ಏಪ್ರಿಲಿನಲ್ಲಿ. ವಿಂಡೋಸಿನಲ್ಲಿ ಬ್ಯಾಚ್ ಫೈಲನ್ನು ನೇರವಾಗಿ ಎಬ್ಬಿಸಿದರೂ ತೆರೆಮರೆಯಲ್ಲಿ ಸಿಎಂಡಿ ಓಡುತ್ತದೆ. ಪ್ರೋಗ್ರಾಮು ಬರೆದವರು 'ನಾನು ಶೆಲ್ ಬಳಸಿಲ್ಲ, ಪಟ್ಟಿಯಾಗಿಯೇ ಕೊಟ್ಟಿದ್ದೇನೆ' ಎಂದು ನೆಮ್ಮದಿಯಿಂದಿದ್ದರೂ ಶೆಲ್ ನಡುವೆ ನುಸುಳಿರುತ್ತದೆ. ರ‍್ಯೋಟಾಕೆ ಎಂಬ ಹೆಸರಿನಿಂದ ಕೆಲಸ ಮಾಡುವ ಭದ್ರತಾ ಸಂಶೋಧಕರು ಇದನ್ನು ತೋರಿಸಿಕೊಟ್ಟು 'ಬ್ಯಾಟ್‌ಬ್ಯಾಡ್‌ಬಟ್' ಎಂದು ಹೆಸರಿಟ್ಟರು. ಸುರಕ್ಷತೆಗೇ ಹೆಸರಾದ ರಸ್ಟ್ ಭಾಷೆಯಲ್ಲಿ ಈ ದೋಷಕ್ಕೆ ಸಿಕ್ಕ ತೀವ್ರತೆಯ ಅಂಕ 10ಕ್ಕೆ 10. ಏಪ್ರಿಲ್ 9ರಂದು ರಸ್ಟ್ 1.77.2 ಬಂತು. ನೋಡ್, ಪಿಎಚ್‌ಪಿ, ಹ್ಯಾಸ್ಕೆಲ್‌ಗಳೂ ತಮ್ಮ ತಮ್ಮ ತಿದ್ದುಪಡಿ ತಂದವು. ರಸ್ಟ್ ತಂಡ ಕಂಡುಕೊಂಡ ದಾರಿ ಗಮನಿಸುವಂಥದ್ದು: ಸುರಕ್ಷಿತವಾಗಿ ಕೋಟ್ ಮಾಡಲು ಸಾಧ್ಯವೆಂಬ ಖಾತ್ರಿ ಇಲ್ಲದ ಆರ್ಗ್ಯುಮೆಂಟ್ ಬಂದರೆ ಪ್ರೋಗ್ರಾಮನ್ನು ಎಬ್ಬಿಸದೆ ದೋಷವೆಂದು ಹೇಳಿ ವಾಪಸು ಬರುವುದು. ಅಂದಾಜಿನಲ್ಲಿ ಮುಂದುವರಿಯುವುದಕ್ಕಿಂತ ಅದು ಲೇಸು.

ಕೋಟ್ ಹಾಕಿದರೂ ತೀರದ ಇನ್ನೊಂದು ತೊಡಕು ಹೈಫನ್ನಿನದು. ಹೆಸರು '-' ಗುರುತಿನಿಂದ ಶುರುವಾದರೆ ಅದನ್ನು ಪಡೆದ ಪ್ರೋಗ್ರಾಮು ಹೆಸರೆಂದು ತಿಳಿಯದೆ ಸೂಚನೆಯೆಂದು ತಿಳಿಯುತ್ತದೆ. ಶೆಲ್ ದಾಟಿದ ಮೇಲಿನ ಮಾತಿದು, ಕೋಟಿನಿಂದ ಪ್ರಯೋಜನವಿಲ್ಲ. 2017ರ ಆಗಸ್ಟಿನಲ್ಲಿ ಗಿಟ್, ಮರ್ಕ್ಯುರಿಯಲ್, ಸಬ್‌ವರ್ಷನ್ ಮೂರೂ ಒಟ್ಟಿಗೆ ತಿದ್ದುಪಡಿ ಹೊರಡಿಸಬೇಕಾಗಿ ಬಂದದ್ದು ಹೈಫನ್ನಿನಿಂದ ಶುರುವಾಗುವ ಸರ್ವರ್ ಹೆಸರನ್ನು ಅವು ಎಸ್‌ಎಸ್‌ಎಚ್‌ಗೆ ಹಾಗೆಯೇ ದಾಟಿಸುತ್ತಿದ್ದುದರಿಂದ. ಯುನಿಕ್ಸ್ ಕಡೆಯ ಹೆಚ್ಚಿನ ಪ್ರೋಗ್ರಾಮುಗಳಲ್ಲಿ '--' ಎಂದು ಬರೆದರೆ 'ಸೂಚನೆಗಳು ಮುಗಿದವು, ಇನ್ನು ಹೆಸರುಗಳು' ಎಂದರ್ಥ. ಫೈಲಿನ ಹೆಸರಾದರೆ ಮುಂದೆ './' ಸೇರಿಸಿದರೂ ಸಾಕು. ವಿಂಡೋಸಿನ ಅನೇಕ ಪ್ರೋಗ್ರಾಮುಗಳಲ್ಲಿ ಓರೆಗೆರೆಯೂ ಸೂಚನೆಯ ಗುರುತು. ವಾಶಿಯ ಮನೆ ನಂಬರನ್ನು ಆರ್ಗ್ಯುಮೆಂಟಾಗಿ ಕೊಡುವ ಮುಂಚೆ ಇದನ್ನು ನೆನಪಿಡಿ.

ಕನ್ನಡ ಅಕ್ಷರಗಳ ಗತಿ ಏನು? ಇಲ್ಲಿ ಸಮಾಧಾನದ ಸುದ್ದಿಯಿದೆ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ ಮೂರು ಬೈಟು. 'ಕನ್ನಡ' ಎಂಬ ಪದದಲ್ಲಿ ಐದು ಸಂಕೇತ, ಹದಿನೈದು ಬೈಟು. ಆ ಬೈಟುಗಳಲ್ಲಿ ಯಾವುದೂ ಕೋಟ್, ಆಂಪರ್‌ಸ್ಯಾಂಡ್, ಬ್ಯಾಕ್‌ಸ್ಲ್ಯಾಶಿನ ಬೈಟಾಗಿ ಕಾಣಿಸಿಕೊಳ್ಳಲು ಸಾಧ್ಯವೇ ಇಲ್ಲ. ಜಪಾನೀಯರ ಹಳೆಯ ಶಿಫ್ಟ್-ಜಿಸ್ ಪದ್ಧತಿಯಲ್ಲಿ ಕೆಲವು ಅಕ್ಷರಗಳ ಎರಡನೆಯ ಬೈಟು ಬ್ಯಾಕ್‌ಸ್ಲ್ಯಾಶಿನದೇ ಆಗಿರುತ್ತದೆ, ನಮಗೆ ಆ ಕಾಟವಿಲ್ಲ. ಆದರೆ ವಿಂಡೋಸಿನಲ್ಲಿ ಹಳೆಯ ಪದ್ಧತಿಯ ಪ್ರೋಗ್ರಾಮುಗಳು ಕಮಾಂಡ್ ಸಾಲನ್ನು 'ಆನ್ಸಿ' ಕೋಡಿಗೆ ಪರಿವರ್ತಿಸಿ ಓದುತ್ತವೆ. ಆ ಕೋಡಿನಲ್ಲಿ ಕನ್ನಡಕ್ಕೆ ಜಾಗವಿಲ್ಲ. ನಮ್ಮ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ, ಅಲ್ಲಿ ಆ ಚಿಹ್ನೆಗೆ 'ಯಾವುದಾದರೂ ಒಂದಕ್ಷರ' ಎಂಬ ಅರ್ಥವೂ ಇದೆ. ಯುನಿಕೋಡ್ ಬಲ್ಲ ದಾರಿಯಲ್ಲೇ ಹೋಗಬೇಕು.

ಇಷ್ಟೆಲ್ಲ ಹೇಳಿದ ಮೇಲೆ, ಈ ಕೆಲಸಕ್ಕೆ ಹೊಸದಾಗಿ ಸೇರಿದ ನಮ್ಮ ಹುಡುಗ ಹುಡುಗಿಯರಿಗೆ ನಾನು ಹೇಳುವ ಮಾತು ಚಿಕ್ಕದು. ವಾಕ್ಯ ಕಟ್ಟಬೇಡಿ, ಪಟ್ಟಿ ಕೊಡಿ. ಪೈಥಾನಿನ ಸಬ್‌ಪ್ರೊಸೆಸ್, ನೋಡಿನ ಎಕ್ಸೆಕ್‌ಫೈಲ್, ಜಾವಾದ ಪ್ರೊಸೆಸ್‌ಬಿಲ್ಡರ್ ಎಲ್ಲವೂ ಆರ್ಗ್ಯುಮೆಂಟುಗಳನ್ನು ಬಿಡಿಬಿಡಿಯಾಗಿ ತೆಗೆದುಕೊಳ್ಳುತ್ತವೆ. ಆಗ ಯುನಿಕ್ಸಿನಲ್ಲಿ ಕೋಟಿನ ಪ್ರಶ್ನೆಯೇ ಏಳುವುದಿಲ್ಲ. ವಿಂಡೋಸಿನಲ್ಲಿ ಪಟ್ಟಿಯನ್ನು ಸಾಲಾಗಿಸುವ ಕೆಲಸವನ್ನು ಬಲ್ಲ ಲೈಬ್ರರಿ ಮಾಡುತ್ತದೆ. ನೀವೇ ಒಂದು ಕೋಟ್ ಫಂಕ್ಷನ್ ಬರೆಯಲು ಹೋಗಬೇಡಿ. ಹೊರಗಿನವರು ತುಂಬಿದ ಹೆಸರನ್ನು ಬ್ಯಾಚ್ ಫೈಲಿಗೆ ಆರ್ಗ್ಯುಮೆಂಟಾಗಿ ಕಳಿಸಬೇಡಿ. ಅದರ ಬದಲು ಹೆಸರನ್ನು ಒಂದು ಫೈಲಿನಲ್ಲಿ ಬರೆದು, ಆ ಫೈಲನ್ನು ಓದಿಕೊಳ್ಳಲು ಹೇಳಿ. ಎಸ್‌ಎಸ್‌ಎಚ್ ಮೂಲಕ ದೂರದ ಯಂತ್ರಕ್ಕೆ ಕಮಾಂಡ್ ಕಳಿಸುವಾಗ ಮಾತ್ರ ಎಚ್ಚರ. ನೀವು ಪಟ್ಟಿ ಕೊಟ್ಟರೂ ಅದು ಎಲ್ಲವನ್ನೂ ಖಾಲಿ ಜಾಗದಿಂದ ಜೋಡಿಸಿ ಒಂದು ಸಾಲು ಮಾಡುತ್ತದೆ, ಆ ಕಡೆಯ ಶೆಲ್ ಮತ್ತೆ ತುಂಡರಿಸುತ್ತದೆ. ಅಲ್ಲಿ ಆ ಕಡೆಯ ಶೆಲ್ಲಿನ ನಿಯಮಕ್ಕೆ ತಕ್ಕಂತೆ ಕೋಟ್ ಹಾಕಲೇಬೇಕು.

ಪರೀಕ್ಷೆಗೆ ದೂರ ಹೋಗಬೇಕಿಲ್ಲ, ನಮ್ಮ ಸುತ್ತಲಿನ ಹೆಸರುಗಳೇ ಸಾಕು. ಡೊಂಬಿವಲಿ (ಪೂ). ಡಿ'ಸೋಜಾ. ಶೆಟ್ಟಿ & ಸನ್ಸ್. 100% ಸಸ್ಯಾಹಾರಿ. ಬ್ಯಾಕ್‌ಸ್ಲ್ಯಾಶಿನಿಂದ ಮುಗಿಯುವ ಒಂದು ಫೋಲ್ಡರು. ಹೈಫನ್ನಿನಿಂದ ಶುರುವಾಗುವ ಒಂದು ಹೆಸರು. ಏನೂ ಇಲ್ಲದ ಖಾಲಿ ಹೆಸರು. ಕನ್ನಡದ ಒಂದು ಹೆಸರು. ಈ ಎಂಟನ್ನು ಲಿನಕ್ಸಿನಲ್ಲೂ ವಿಂಡೋಸಿನಲ್ಲೂ ಓಡಿಸಿ, ಹೋದ ಹೆಸರು ಆ ಕಡೆ ಅಕ್ಷರಶಃ ಹಾಗೆಯೇ ಬಂದಿದೆಯೇ ನೋಡಿ. ಬಂದರೆ ತಂತ್ರಾಂಶ ಗ್ರಾಹಕರ ಕೈಗೆ ಕೊಡಬಹುದು.

ಮೇಲೆ ಹೇಳಿದ ಸರಬರಾಜು ಸಂಸ್ಥೆಯ ಪ್ರೋಗ್ರಾಮಿನಲ್ಲಿ ವಾಕ್ಯ ಕಟ್ಟುವ ಸಾಲನ್ನು ತೆಗೆದು ಪಟ್ಟಿ ಕೊಡುವ ಸಾಲು ಹಾಕಿದೆವು. ಆ ತಿಂಗಳು ಬಿಟ್ಟುಹೋದ ಬಿಲ್ಲುಗಳೆಲ್ಲ ಹೋದವು. ಕುಂದಾಪುರದ ಹಿರಿಯರ ಬೋರ್ಡು, ಅವರ ಜಿಎಸ್‌ಟಿ ಕಾಗದ ಎರಡೂ ಇದ್ದ ಹಾಗೇ ಉಳಿದವು.

ಪ್ರೋಗ್ರಾಮು ಬರೆಯದ ಓದುಗರಿಗೂ ಒಂದು ಮಾತು. ಕೌಂಟರಿನಲ್ಲೋ ಆನ್‌ಲೈನ್ ಫಾರ್ಮಿನಲ್ಲೋ "ಹೆಸರಿನಿಂದ ಆ ಚಿಹ್ನೆ ತೆಗೆಯಿರಿ, ಸಿಸ್ಟಮ್ ತೆಗೆದುಕೊಳ್ಳುವುದಿಲ್ಲ" ಎಂದರೆ ಸುಮ್ಮನೆ ಒಪ್ಪಬೇಡಿ. ಒಂದು ಕಡೆ ಡಿ'ಸೋಜಾ, ಇನ್ನೊಂದು ಕಡೆ ಡಿಸೋಜಾ, ಮತ್ತೊಂದು ಕಡೆ ಡಿ ಸೋಜಾ ಎಂದಾದರೆ ಮುಂದೆ ಮೂವರೂ ಒಬ್ಬರೇ ಎಂದು ಸಾಧಿಸುವ ಓಡಾಟ ನಿಮ್ಮದೇ ಆಗುತ್ತದೆ. ದಾಖಲೆಯಲ್ಲಿ ಇರುವಂತೆಯೇ ಬರೆಯಲು ಕೇಳಿ. ಆಗದಿದ್ದರೆ ಲಿಖಿತ ದೂರು ಕೊಡಿ. ಆ ದೂರು ಎಲ್ಲೋ ಒಂದು ಮೇಜಿನ ಮೇಲೆ, ಬಹುಶಃ ಮಹಾಪೆಯಲ್ಲಿ ಕುಳಿತ ನಮ್ಮವರೇ ಯಾರಾದರೊಬ್ಬರಿಗೆ ತಲುಪುತ್ತದೆ. ತಿದ್ದುವುದು ಹೇಗೆಂದು ಅವರಿಗೆ ಈಗ ಗೊತ್ತಿದೆ.